ಒಗ್ಗರಣೆಯ ಇಂಗು

ಮಧ್ಯಾಹ್ನದ ಗಾಳಿ ಬಂದಾಗ ನಾನು, ನಮ್ಮ ಯಜಮಾನರು ಆ ದೊಡ್ಡ ಸಗಟು ಅಂಗಡಿಯ ಮಸಾಲೆ ಸಾಲಿನಲ್ಲಿದ್ದೆವು. ಒಳಗೆ ಒಂದು ಕಿಟಕಿಯೂ ಇಲ್ಲ, ಆದರೂ ಅದಕ್ಕೆ ಗಾಳಿ ಅಂತಲೇ ಅನ್ನುತ್ತೇವೆ. ಗೋಧಿ ತಿನ್ನುವವರೆಲ್ಲ ನಿಂತಲ್ಲೇ ಪೈರಿನ ಹಾಗೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ ತೂಗಾಡತೊಡಗಿದರು, ಬಿಲ್ಲು ಹಾಕುವವಳೂ ಸೇರಿ. ಹೀಗೆ ತೂಗಾಡಿ ತೂಗಾಡಿ ಒಂದು ದಿನ ಎದ್ದು ಹೊಲಕ್ಕೆ ನಡೆದುಬಿಡುತ್ತಾರೆ. ಪಕ್ಕದ ಮನೆಯ ಕುಮುದಮ್ಮ ಹಾಗೆ ಹೋದವರು ಇನ್ನೂ ವಾಪಸ್ ಬಂದಿಲ್ಲ.

ನಮಗೆ ಆ ಭಯವಿಲ್ಲ. ನಮ್ಮದು ಅಕ್ಕಿ, ರಾಗಿ, ಜೋಳ. ಅದೂ ಗೋಧಿ ಬೀಸದ ಗಿರಣಿಯದೇ ಆಗಬೇಕು. ಪೊಟ್ಟಣ ತಿರುಗಿಸಿ ಓದದೆ ನಾನು ಗಾಡಿಗೆ ಹಾಕಿದವಳೇ ಅಲ್ಲ. ಈ ಜನಕ್ಕೆ ಓದೋಕೆ ಏನು ರೋಗ?

ಎಲ್ಲೋ ಹತ್ತಿರದಲ್ಲೇ ಯಾರದೋ ಬಳೆ ಸದ್ದು ಮಾಡುತ್ತಿತ್ತು. ಯಾರೆಂದು ತಿರುಗಿದರೆ, ನಮ್ಮ ಯಜಮಾನರು ತೂಗಾಡುತ್ತಿದ್ದರು.

"ರೀ! ಹೊರಗೆ ಏನು ತಿಂದ್ರಿ?"

"ಏನೂ ಇಲ್ಲ ಕಣೆ. ನೀನು ಮಾಡಿದ ಅನ್ನ, ಸಾರು ಅಷ್ಟೇ," ಅಂದರು, ತೂಗಾಡುತ್ತಲೇ.

ಸಾರಿಗೆ ಬೇಳೆ, ಹುಣಸೆ. ಒಗ್ಗರಣೆಗೆ ಇಂಗು. ಗಟ್ಟಿ ಇಂಗು ಸಿಗದೆ ಹೋದ ವಾರ ಇಲ್ಲಿಂದಲೇ ಪುಡಿಯ ಡಬ್ಬಿ ಒಯ್ದಿದ್ದೆ. ಇಂಗಿನ ಡಬ್ಬಿಯನ್ನು ಯಾರು ಓದುತ್ತಾರೆ? ಅಂಥದೇ ಒಂದನ್ನು ಎತ್ತಿ ತಳ ನೋಡಿದೆ. ಸಣ್ಣ ಅಕ್ಷರದಲ್ಲಿತ್ತು: ಗೋಧಿ ಹಿಟ್ಟು ಸೇರಿದೆ.

"ಗಾಡಿ ಗಟ್ಟಿಯಾಗಿ ಹಿಡ್ಕೊಳ್ಳಿ, ನನ್ನ ಹಾಗೆ," ಅಂದೆ.

ಅವರು ನನ್ನ ಕೈ ನೋಡಿದರು. ಆಮೇಲೆ ನಾನೂ ನೋಡಿದೆ. ಗಾಡಿಯ ಹಿಡಿಗೆ ನನ್ನ ಬಳೆಗಳೇ ಬಡಿಯುತ್ತಿದ್ದವು, ಎಡಕ್ಕೊಮ್ಮೆ, ಬಲಕ್ಕೊಮ್ಮೆ.