ಫರಸಿ ಮೇಲಿನ ಚೌಕಾಬಾರ

ಮೊಮ್ಮಗಳು ಹಳೆಯ ವಿಡಿಯೊ ಗೇಮಿನ ಧೂಳು ಊದಿ, "ಆಯಿ, ಹೊಸ ಮಷೀನಿನಾಗ ನನ್ನ ಹಳೆ ಆಟ ನಡ್ಯಂಗಿಲ್ಲ" ಎಂದು ಅಳುತ್ತಿದ್ದಾಳೆ. ನನ್ನ ಮೂಗಿಗೆ ಶಹಾಬಾದದ ಕಲ್ಲುಪುಡಿಯ ವಾಸನೆ ಬಡಿಯುತ್ತಿದೆ.

ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಅವ್ವ ದವಾಖಾನೆಯಿಂದ ಹೆಣವಾಗಿ ಬಂದಳು. ಅಂಗಳಕ್ಕೆ ಹಾಸಿದ್ದ ಫರಸಿ ಕಲ್ಲಿನ ಮೇಲೆ ಅವಳೇ ಉಳಿಯಿಂದ ಕೊರೆದ ಚೌಕಾಬಾರ ಇತ್ತು. ನನ್ನ ಜೊತೆಗಿನ ಆಟವನ್ನು ಅರ್ಧಕ್ಕೇ ಬಿಟ್ಟು ದವಾಖಾನೆಗೆ ಹೋಗುವಾಗ, "ಕಾಯಿ ಸರಸಬ್ಯಾಡ, ಬಂದು ಸೋಲಸ್ತೀನಿ" ಅಂದಿದ್ದಳು. ಕಾಯಿ ಹಾಗೇ ಇದ್ದವು. ಮನೆಯಲ್ಲಿ ಅಷ್ಟು ದೊಡ್ಡ ಫರಸಿ ಬೇರೆ ಇರಲಿಲ್ಲ. ಅವ್ವನನ್ನು ಹೂಳುವ ಕುಣಿಗೆ ಮುಚ್ಚಲು ಅಪ್ಪ ಅದನ್ನೇ ಕೀಳಲು ಬಂದ. ನಾನು ಬೋರಲು ಬಿದ್ದು ಅದನ್ನು ತಬ್ಬಿಕೊಂಡೆ.

"ಏಳು ಮಗಳ, ಇದಕ್ಕಿಂತ ನುಣ್ಣಂದು ತರ್ತೀನಿ. ಛಂದ ಗೆರಿ ಕೊರ್ದು ಕೊಡ್ತೀನಿ."

"ಅದರಾಗ ಅವ್ವನ ಆಟ ಇರ್ತದೇನಪ್ಪ?"

ಅಪ್ಪ ಕಾಯಿಗಳನ್ನು ಬಳಿದು ನನ್ನ ಉಡಿಗೆ ಹಾಕಿದ. ಗೆರೆ ಇದ್ದ ಮಗ್ಗುಲನ್ನು ಅವ್ವನ ಕಡೆಗೆ ಮಾಡಿ ಕುಣಿಗೆ ಫರಸಿ ಮುಚ್ಚಿದರು.