ಬಸದಿಯ ಮೂರನೆಯ ಮೆಟ್ಟಿಲು

ಮಣಿಪಾಲದ ನಮ್ಮ ಮನೆಯ ಪಕ್ಕ ಹೊಸ ಕಟ್ಟಡ ಏಳುತ್ತಿದೆ; ನೀರು ಬಿಟ್ಟು ಕಲ್ಲು ಕೊಯ್ಯುವಾಗ ಬರುವ ಒದ್ದೆ ಹುಡಿಯ ವಾಸನೆಗೆ ಕಾರ್ಕಳದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಜ್ಜ ಕಲ್ಲು ಕೆತ್ತುವವರು. ಊರಿನ ಹಳೆಯ ಬಸದಿಗಳನ್ನು ಆಸಕ್ತರಿಗೆ ನಡೆಸಿಕೊಂಡು ಹೋಗಿ ತೋರಿಸುತ್ತಾರೆಂದು ಕೇಳಿ ನನ್ನನ್ನೂ ಕರೆದುಕೊಂಡು ಹೊರಟರು. ದಾರಿ ತೋರಿಸುತ್ತಿದ್ದವರು ನಿವೃತ್ತ ಟೀಚರ್. ಆಗಷ್ಟೇ ಮಳೆ ನಿಂತು ಬಿಸಿಲು ಬಂದಿತ್ತು. ಚಪ್ಪಡಿಗಳಿಂದ ಹಬೆ ಏಳುತ್ತಿತ್ತು. ಮುಂದೆ ಹೋಗುವವರು ಅದರಲ್ಲಿ ತೇಲಿದಂತೆ ಕಾಣುತ್ತಿದ್ದರು.

ಸಣ್ಣ ಬಸದಿಯೊಂದರ ಎದುರು ಟೀಚರ್ ನಿಂತರು. "ಈ ಮೆಟ್ಟಿಲುಗಳನ್ನು ನೋಡಿ. ನಾನೂರು ವರ್ಷ ಆದ್ರೂ ಒಂದೂ ಬಿರುಕು ಬಿಟ್ಟಿಲ್ಲ."

ಹಳೆಯ ಮೂರನೆಯ ಮೆಟ್ಟಿಲು ಯಾವಾಗಲೋ ಒಡೆದುಹೋಗಿತ್ತು. ಹಿಂದಿನ ಬೇಸಿಗೆಯಲ್ಲಿ ಅಜ್ಜ ಅದರ ಜಾಗಕ್ಕೆ ಹೊಸದನ್ನು ನಮ್ಮ ಅಂಗಳದಲ್ಲೇ ಕೆತ್ತಿದ್ದರು. ಸಾವಿರ ಕಾಲು ಸವೆಸಿದ ಹಾಗೆ ಕಾಣಲೆಂದು ಅದರ ನಡುವನ್ನು ಮರಳು ಹಾಕಿ ದಿನಗಟ್ಟಲೆ ಉಜ್ಜಿದ್ದರು. ನೀರು ಹೊಯ್ದವಳು ನಾನು.

ಹೇಳಲು ಬಾಯಿ ತೆರೆದೆ. ಅಜ್ಜ ನನ್ನ ಕೈ ಒತ್ತಿ, ತಾವೇ ಕೇಳಿದರು: "ಮೂರನೆಯದು ಸ್ವಲ್ಪ ಬೇರೆ ಉಂಟಲ್ಲ, ಟೀಚರೇ?"

ಟೀಚರ್ ಬಗ್ಗಿ ಅಂಗೈಯಿಂದ ಸವರಿದರು. "ಎಂತ ಬೇರೆ, ಅಜ್ಜ? ಎಲ್ಲ ಒಂದೇ ಕೈಯ ಕೆಲಸ. ಈಗಿನವರಿಗೆ ಇದು ಬರ್ಲಿಕ್ಕುಂಟಾ?"

"ಹೌದೌದು, ಎಲ್ಲಿ ಬರ್ತದೆ!" ಎಂದರು ಅಜ್ಜ.

ಮನೆ ತಲುಪುವವರೆಗೂ ನಾನು ಸಿಟ್ಟಿನಿಂದ ಅವರ ಕೈ ಬಿಡಿಸಿಕೊಂಡು ಮುಂದೆ ಮುಂದೆ ನಡೆದೆ. ಅವರಿಗೆ ಅದು ತಿಳಿಯಲೂ ಇಲ್ಲ. ಚಪ್ಪಲಿ ಬಿಡುವ ಮೊದಲೇ ಜಗಲಿಯಿಂದ ಅಜ್ಜಿಯನ್ನು ಕೂಗಿದರು:

"ಕೇಳಿತಾ? ಟೀಚರಿಗೂ ಗೊತ್ತಾಗ್ಲಿಲ್ಲ, ಮಾರಾಯ್ತಿ!"