ಪದ್ಯ ಮುಗಿಯುವ ಮೊದಲೇ ಅರ್ಥ

“ಯಾರದಪ್ಪಾ ಈ ಗಂಟಲು?”

ಅಡುಗೆಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಒಲೆಯ ಮುಂದೆ ನಿಂತ ಕಾತ್ಯಾಯಿನಿ ಗಾಳಿಗೆ ಕೇಳಿದ ಪ್ರಶ್ನೆ ಅದು.

ಸಾರು ಕುದಿಯುತ್ತಿತ್ತು. ಮೆಲ್ಲಗೆ ಒಂದು ಪದ್ಯ ಎತ್ತಿಕೊಂಡಿದ್ದರು... ಮೇಲಿನ ಸ್ವರ ಮುಟ್ಟುವಷ್ಟರಲ್ಲಿ ಧ್ವನಿ ಹಳೇ ಬಟ್ಟೆಯಂತೆ ಪರ್ರನೆ ಹರಿಯಿತು.

ಥೈರಾಯ್ಡ್ ಆಪರೇಷನ್ ಆಗಿ ಐದು ತಿಂಗಳು. ಗಂಟು ಹೋಯಿತು... ಜೊತೆಗೆ ಧ್ವನಿಯೂ ಹೋಯಿತು.

ಇಪ್ಪತ್ತೆರಡು ವರ್ಷ ಹಾಸನದ ಸುತ್ತಮುತ್ತಲ ದೇವಸ್ಥಾನಗಳಲ್ಲಿ, ಸ್ಕೂಲ್ ಹಾಲ್‌ಗಳಲ್ಲಿ ಗಮಕ ವಾಚನ ಮಾಡಿದವರು ಕಾತ್ಯಾಯಿನಿ. ಅವರು ಹಳೆಯ ಕಾವ್ಯವನ್ನು ರಾಗವಾಗಿ ಓದುವುದು... ಪಕ್ಕದಲ್ಲಿ ಕೂತ ಪತಿ, ರಿಟೈರ್ಡ್ ಕನ್ನಡ ಮೇಷ್ಟ್ರು ಶ್ರೀಕಂಠಯ್ಯ, ಅದರ ಅರ್ಥ ಬಿಡಿಸಿ ಹೇಳುವುದು.

ಹಾಲ್‌ನಿಂದ ಮೇಷ್ಟ್ರ ಉತ್ತರ ಬಂತು.

“ನಿಂದೇ ಗಂಟಲು ಕಣೆ! ನರಕ್ಕೆ ಪೆಟ್ಟಾಗಿದೆ, ಟೈಮ್ ಬೇಕು ಅಂತ ಡಾಕ್ಟರ್ ಹೇಳಿಲ್ವಾ? ಧ್ವನಿ ಬಂದೇ ಬರುತ್ತೆ.”

“ನಾನು ನಿಮ್ಮನ್ನ ಕೇಳ್ಲಿಲ್ಲ.”

“ಕೇಳ್ದೆ ಇದ್ರೂ ಹೇಳೋದು ಮೇಷ್ಟ್ರ ಜಾತಿ!” ನಕ್ಕರು.

ಕಾತ್ಯಾಯಿನಿ ನಗಲಿಲ್ಲ.

ಐದು ತಿಂಗಳಿಂದ ಹೀಗೇ...

“ಭಯ ಆಗುತ್ತೆ ರೀ” ಎಂದರೆ, “ಭಯ ಅನ್ನೋದು ಬರೀ ಮನಸ್ಸಿನ ಆಟ.”

“ಅನ್ನ ಸೇರ್ತಿಲ್ಲ” ಎಂದರೆ, “ಅವಲಕ್ಕಿ ತಿನ್ನು.”

“ಆ ದೇವರು ಇದನ್ನೇ ಯಾಕೆ...” ಎಂದು ಶುರು ಮಾಡಿದರೆ, “ಅದಕ್ಕೂ ಒಂದು ಅರ್ಥ ಇರುತ್ತೆ ಕೇಳು...”

ಮೇಷ್ಟ್ರು ಕೆಟ್ಟವರಲ್ಲ. ದಿನಾ ಬೆಳಿಗ್ಗೆ ಬಿಸಿನೀರಿಗೆ ಉಪ್ಪು ಬೆರೆಸಿ ತಂದು ಕೊಡುವವರು. ಹೆಂಡತಿಯ ಕಣ್ಣಲ್ಲಿ ನೀರು ಕಂಡರೆ ಅವರ ಕೈಕಾಲು ಆಡುವುದಿಲ್ಲ. ಬೇಗ ಒಂದು ಮಾತು ಹೇಳಿ ಅದನ್ನು ಒರೆಸಿಬಿಡಬೇಕು... ಅಷ್ಟೇ.

ಅಷ್ಟರಲ್ಲಿ ಫೋನ್ ಬಂತು. ಗಮಕ ಸಂಘದ ಸೆಕ್ರೆಟರಿ. ಶ್ರಾವಣದ ಕಾರ್ಯಕ್ರಮದಲ್ಲಿ ಅರಸೀಕೆರೆಯ ಬೇರೊಬ್ಬರು ಓದುತ್ತಾರಂತೆ... ಅರ್ಥ ಹೇಳುವುದಕ್ಕೆ ಮೇಷ್ಟ್ರೇ ಬೇಕಂತೆ.

ಮೇಷ್ಟ್ರು ಅಡುಗೆಮನೆ ಬಾಗಿಲಿಗೆ ಬಂದು ವಿಷಯ ತಿಳಿಸಿದರು.

“ಬೇಜಾರ್ ಮಾಡ್ಕೋಬೇಡ ಕಾತೂ. ಬೇರೆಯೋರಿಗೂ ಒಂದು ಚಾನ್ಸ್ ಸಿಗ್ಲಿ. ಯೋಚಿಸಿ ನೋಡಿದ್ರೆ ಇದೂ ಒಳ್ಳೇದಕ್ಕೇ...”

“ಒಂದ್ನಿಮಿಷ ರೀ. ನಂಗೆ ಏನನ್ನಿಸ್ತಿದೆ ಅಂದ್ರೆ...”

“ಗೊತ್ತು ಕಣೆ. ನಿಂಗೆ ಏನನ್ನಿಸ್ತಿದೆ ಅಂದ್ರೆ...”

ಕಾತ್ಯಾಯಿನಿಯ ಕೈಲಿದ್ದ ಸೌಟು ಹಾರಿ ಸಿಂಕಿಗೆ ಬಿತ್ತು.

“ಇಪ್ಪತ್ತೆರಡು ವರ್ಷ ಸ್ಟೇಜ್ ಮೇಲೆ ನನ್ನ ಪಕ್ಕ ಕೂತಿದೀರಿ. ಒಂದೇ ಒಂದು ಸಲ, ನನ್ನ ಪದ್ಯ ಮುಗಿಯೋಕ್ಮುಂಚೆ ಬಾಯಿ ತೆಗ್ದಿದೀರಾ?”

ಮೇಷ್ಟ್ರು ತಬ್ಬಿಬ್ಬಾದರು. “ಛೆ! ಓದು ಮುಗೀದೆ ಅರ್ಥ ಹೇಳೋದುಂಟೇ?”

“ಆ ಮರ್ಯಾದೆ ಯಾರೋ ಕವಿ ಬರೆದಿದ್ದಕ್ಕೆ! ನನ್ನ ಸ್ವಂತ ಮಾತಿಗೆ? ಐದು ತಿಂಗಳಲ್ಲಿ ಒಂದು ವಾಕ್ಯ ಪೂರ್ತಿ ಮಾಡೋಕೆ ಬಿಟ್ಟಿಲ್ಲ ನೀವು. ಅತ್ರೆ ಅದಕ್ಕೂ ಅರ್ಥ ಹೇಳ್ತೀರಲ್ರೀ...”

ಕೊನೆಯ ಮಾತು ಬರೀ ಉಸಿರಾಗಿ ಹೊರಗೆ ಬಂತು.

ಮೇಷ್ಟ್ರ ಬಾಯಲ್ಲಿ ಉತ್ತರ ರೆಡಿ ಇತ್ತು... ನುಂಗಿದರು.

ಗ್ಯಾಸ್ ಆಫ್ ಮಾಡಿ, ಅಲ್ಲೇ ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತರು.

“ಹೇಳು.”

ಕಾತ್ಯಾಯಿನಿ ಹೇಳಿದರು. ಡಾಕ್ಟರ್ ಮೇಲಿನ ಸಿಟ್ಟು, ದೇವರ ಮೇಲಿನ ಸಿಟ್ಟು, ಗಂಡನ ಮೇಲಿನ ಸಿಟ್ಟು...

“ಅರಸೀಕೆರೆಯೋರ ಮುಖಾನೂ ನಾನು ನೋಡಿಲ್ಲ. ಆದ್ರೂ ಅವರ ಪಕ್ಕ ನೀವು ಕೂರೋದನ್ನ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ನಾಚಿಕೆಗೇಡು ಅಂತ ಗೊತ್ತು. ಉರಿಯುತ್ತೆ, ಏನ್ಮಾಡ್ಲಿ?”

ಮೇಷ್ಟ್ರ ನಾಲಿಗೆಯ ತುದಿಗೆ ಎರಡು ಸಲ ಮಾತು ಬಂತು. ಎರಡು ಸಲವೂ ಹಲ್ಲು ಕಚ್ಚಿದರು. ಸುಮ್ಮನಿರುವುದು ಇಷ್ಟು ಕಷ್ಟ ಎಂದು ಅವರಿಗೆ ಗೊತ್ತೇ ಇರಲಿಲ್ಲ.

“ಓದೋಕಾಗ್ದೆ ಇದ್ರೆ... ನಾನು ಯಾರು ರೀ?”

ಸಾರು ಆರಿ ತಣ್ಣಗಾಯಿತು. ಮೇಷ್ಟ್ರ ಕನ್ನಡಕದ ಒಳಗಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

ಕಾತ್ಯಾಯಿನಿ ಗಂಡನ ಪಕ್ಕದಲ್ಲೇ ಕುಸಿದು ಕೂತರು. ಭುಜಕ್ಕೆ ತಲೆ ಆನಿಸಿ ಕೇಳಿದರು...

“ರೀ, ಧ್ವನಿ ಬಂದೇ ಬರುತ್ತೆ ಅಂತ ಒಂದ್ಸಲ ಹೇಳ್ಬಿಡಿ. ಸುಳ್ಳಾದ್ರೂ ಪರವಾಗಿಲ್ಲ.”

ಮೇಷ್ಟ್ರು ಹೆಂಡತಿಯ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು.

“ನಂಗೂ ಭಯ ಆಗ್ತಿದೆ ಕಾತೂ... ಬರುತ್ತೋ ಇಲ್ವೋ ನಂಗೇ ಗೊತ್ತಿಲ್ದೆ ಆ ಮಾತು ಮಾತ್ರ ನಾನು ಹೇಳಲ್ಲ.”

*

ಜೊತೆಗಾರರ ದುಃಖ ಪೂರ್ತಿ ಹೊರಗೆ ಬರುವವರೆಗೂ ಬಾಯಿ ಮುಚ್ಚಿ ಪಕ್ಕದಲ್ಲಿ ಕೂರುವುದೂ ಒಂದು ಪೂಜೆ.

ನಿಮ್ಮ ಮನೆಯಲ್ಲಿ ಯಾರ ಮಾತು ಅರ್ಧಕ್ಕೇ ನಿಂತಿದೆ... ನೆನಪಿದೆಯಾ?